ಸಗಟು ವ್ಯಾಪಾರವೂ ಕಾಯಕವೇ

ನಮ್ಮ ಸಮಾಜದ ಮನೆತನಗಳಲ್ಲಿ ಒಕ್ಕಲುತನದಂತೆಯೇ ವ್ಯಾಪಾರವೂ ತಲೆತಲಾಂತರದಿಂದ ನಡೆದುಬಂದ ಕಾಯಕವಾಗಿದೆ. ದೊಡ್ಡ ಕಂಪನಿಗಳ ಪೈಪೋಟಿಯಿಂದ ಸಗಟು ಅಂಗಡಿಗಳ ಮಕ್ಕಳು ಇಂದು ಈ ಕಾಯಕದಿಂದ ವಿಮುಖರಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಆದಕಾರಣ ಆಧುನಿಕರು ‘ಪೂರೈಕೆ ಸರಪಳಿಯ ನಿರ್ವಹಣೆ’ ಎಂದು ಕರೆಯುವ ಶಾಸ್ತ್ರದ ಮೂಲತತ್ತ್ವಗಳನ್ನು ತೊಗರಿಬೇಳೆಯ ನಿದರ್ಶನದಿಂದ ಇಲ್ಲಿ ನಿರೂಪಿಸುತ್ತೇವೆ.

2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯನ್ನು ಮುಂಗಾರಿನಲ್ಲಿ ಬಿತ್ತಿ, ಬಹುಮಟ್ಟಿಗೆ ಡಿಸೆಂಬರ್-ಜನವರಿಯಲ್ಲಿ ಕೊಯ್ಯುತ್ತಾರೆ. ಬೆಳೆ ಬರುವುದು ವರ್ಷಕ್ಕೊಮ್ಮೆ. ಬೇಳೆ ಬೇಯುವುದು ದಿನವೂ. ರೈತ, ಮಾರುಕಟ್ಟೆ, ಬೇಳೆಯ ಗಿರಣಿ, ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿ, ಗೃಹಿಣಿ ಇವರೇ ಈ ಸರಪಳಿಯ ಕೊಂಡಿಗಳು. ಸರಕು ಮುಂದಕ್ಕೆ ಹರಿಯುತ್ತದೆ, ಹಣ ಹಿಂದಕ್ಕೆ ಹರಿಯುತ್ತದೆ, ಸುದ್ದಿಯು ಎರಡೂ ಕಡೆಗೆ ಹರಿಯಬೇಕು. ಈ ಮೂರನ್ನೂ ತಡೆಯಿಲ್ಲದೆ ನಡೆಸುವುದೇ ಸಗಟು ವ್ಯಾಪಾರಿಯ ಧರ್ಮ.

ಎಷ್ಟು ಇಡಬೇಕು?

ದಿನಕ್ಕೆ 20 ಚೀಲ ಮಾರುವ ಅಂಗಡಿಯೊಂದಿದೆ ಎಂದಿಟ್ಟುಕೊಳ್ಳೋಣ. ಗಿರಣಿಗೆ ಬೇಡಿಕೆ ಸಲ್ಲಿಸಿದ 6 ದಿನಗಳಿಗೆ ಸರಕು ಬರುವುದಾದರೆ, ಆ ಅವಧಿಗೆ 120 ಚೀಲ ಬೇಕು. ಲಾರಿ ತಡವಾದರೆ, ಹಬ್ಬದಲ್ಲಿ ಮಾರಾಟ ಏರಿದರೆ ಇರಲೆಂದು 40 ಚೀಲ ಕಾಪುದಾಸ್ತಾನು. ಗೋದಾಮಿನಲ್ಲಿರುವುದೂ ದಾರಿಯಲ್ಲಿರುವುದೂ ಸೇರಿ 160ಕ್ಕೆ ಇಳಿದೊಡನೆ ಮುಂದಿನ ಬೇಡಿಕೆ ಸಲ್ಲಿಸತಕ್ಕದ್ದು. ಇದಕ್ಕಿಂತ ಕಡಿಮೆಯಾದರೆ ಗಿರಾಕಿ ಬರಿಗೈಯಲ್ಲಿ ಮರಳುತ್ತಾನೆ. ಬಹಳ ಹೆಚ್ಚಾದರೆ ಬಡ್ಡಿ, ಬಾಡಿಗೆ, ಹುಳು ಇವು ಲಾಭವನ್ನು ತಿನ್ನುತ್ತವೆ. ಮೊದಲು ಬಂದ ಚೀಲ ಮೊದಲು ಹೋಗಲಿ. ಚೀಲಗಳು ಹಲಗೆಯ ಮೇಲೆ, ಗೋಡೆಗೆ ತಾಗದಂತಿರಲಿ.

ಬೆಲೆ ಏರಲೆಂದು ಕೂಡಿಡುವುದು ಬೇರೆ ಮಾತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಯಾರು ಅರಿಯರು? ಸಂಗ್ರಹದ ಮಿತಿಯನ್ನು ಅಂದು ಆ ಶರಣೆಯ ಅರಿವು ಹೇಳಿತು. ಇಂದು ಕಾನೂನು ಹೇಳಬೇಕಾಗಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಸಗಟು ವ್ಯಾಪಾರಿಗಳ ತೊಗರಿ ದಾಸ್ತಾನಿಗೆ 200 ಟನ್ನುಗಳ ಮಿತಿ ವಿಧಿಸಿತು.

ಸುದ್ದಿಯ ಸತ್ಯ

ಯುಗಾದಿಗೆಂದು ಅಂಗಡಿಕಾರನು 5 ಚೀಲ ಹೆಚ್ಚು ಕೇಳುತ್ತಾನೆ. ಬೇಡಿಕೆಯೇ ಏರಿತೆಂದು ಬಗೆದ ಸಗಟು ವ್ಯಾಪಾರಿ 10 ಚೀಲ ಹೆಚ್ಚು ತರಿಸುತ್ತಾನೆ. ಗಿರಣಿಯವನು 20 ಚೀಲಕ್ಕೆ ಸಿದ್ಧನಾಗುತ್ತಾನೆ. ಹಬ್ಬ ಮುಗಿಯುತ್ತದೆ, ಸರಕು ಉಳಿಯುತ್ತದೆ. ಹಿಡಿಯಲ್ಲಿ ಸ್ವಲ್ಪ ಅಲುಗಿದರೆ ತುದಿಯಲ್ಲಿ ಬಹಳ ಬೀಸುವ ಚಾವಟಿಗೆ ಶಾಸ್ತ್ರಜ್ಞರು ಇದನ್ನು ಹೋಲಿಸಿದ್ದಾರೆ. ಮದ್ದು ಒಂದೇ: ಗಿರಾಕಿಗೆ ನಿಜವಾಗಿ ಮಾರಾಟವಾದದ್ದೆಷ್ಟು ಎಂಬುದನ್ನು ಅಂಗಡಿಕಾರರಿಂದ ವಾರವಾರವೂ ಕೇಳಿ ತಿಳಿದು, ಅದನ್ನೇ ಗಿರಣಿಗೆ ತಿಳಿಸುವುದು.

ಹಣದ ಮಾತೂ ಅಂತೆಯೇ. ಕಿರು ಹಾಗೂ ಸಣ್ಣ ಉದ್ಯಮವಾಗಿ ನೋಂದಾಯಿತವಾದ ಗಿರಣಿಯಿಂದ ಸರಕು ಕೊಂಡವರು, ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದೆ ಹಣ ಸಲ್ಲಿಸಬೇಕೆಂಬುದು 2006ರ ಕಾಯ್ದೆಯ ವಿಧಿ. ಗಿರಣಿಗೆ ಹಣ ತಡವಾದರೆ ಆ ಹೊರೆ ಕೊನೆಗೆ ರೈತನ ಹೆಗಲಿಗೇ ಬೀಳುತ್ತದೆ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರಿಯು ಭಂಡಾರದ ಒಡೆಯನಲ್ಲ, ಕಾವಲಿನವನು. ಗೋದಾಮಿನ ಕೀಲಿಕೈ ಹಿಡಿದವರೂ ಹಾಗೆಯೇ ಭಾವಿಸಲಿ. ಲೆಕ್ಕದಲ್ಲಿ ಶುದ್ಧಿ, ಅಳತೆಯಲ್ಲಿ ಮಿತಿ, ಮಾತಿನಲ್ಲಿ ಸತ್ಯ ಇವು ನೆಲೆಸಿದ ಅಂಗಡಿಯ ಗದ್ದುಗೆಯನ್ನು ಏರಲು ಮಕ್ಕಳು ಹಿಂಜರಿಯಲಾರರು ಎಂಬುದು ನಮ್ಮ ದೃಢವಾದ ನಂಬಿಗೆ.