ಕಾಯಿ ಇದ್ದಾಗ ರೇಟಿಲ್ಲ, ರೇಟಿದ್ದಾಗ ಕಾಯಿಲ್ಲ!

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಗಂಡಸಿ ಹೋಬಳಿಯ ತೆಂಗಿನ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಅಟ್ಟದಲ್ಲಿ ಕಾಯಿ ಇತ್ತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ರೇಟು 9 ಸಾವಿರಕ್ಕಿಂತಲೂ ಕೆಳಗೆ ಇಳಿಯಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. 2025ರಲ್ಲಿ ಕೊಬ್ಬರಿ 20 ಸಾವಿರ ದಾಟಿತು, ನಿಜ. ಆದರೆ ಬರಕ್ಕೆ ಸೊರಗಿದ ಮರ, ರೋಗಕ್ಕೆ ಒಣಗಿದ ಗರಿ. ಕೆಡವೋಣವೆಂದರೆ ಗೊನೆಯಲ್ಲಿ ಕಾಯಿ ಎಲ್ಲಿ?

ಹೀಗಿರುವಾಗ "ಕಷ್ಟ ಎಲ್ಲಾ ತೀರಲಿ, ಆಮೇಲೆ ನಗೋಣ" ಎಂದು ಕೂತರೆ ನಗುವ ದಿನವೇ ಬರಲಿಕ್ಕಿಲ್ಲ. ಈ ಸೀಮೆಯ ಜನ ಹಾಗೆ ಕೂತವರೂ ಅಲ್ಲ.

ಕೊಬ್ಬರಿ ಕೆಲಸವನ್ನೇ ನೋಡಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿಯುವುದು, ಚಿಪ್ಪು ಒಡೆಯುವುದು. ಬೆಲೆ ಬಿದ್ದ ವರ್ಷವೂ ಈ ಕೆಲಸ ತಪ್ಪಲಿಲ್ಲ, ಕೆಲಸದ ಜೊತೆಗಿನ ಹರಟೆಯೂ ತಪ್ಪಲಿಲ್ಲ. ಅವರೆಕಾಯಿ ಕಾಲ ಬಂದರೆ ಸಂಜೆ ಜಗಲಿಯ ಮೇಲೆ ಕಾಳು ಹಿದುಕುತ್ತಾ ಅಕ್ಕಪಕ್ಕದವರ ಸುದ್ದಿ. ರಾತ್ರಿ ಬಿಸಿ ಮುದ್ದೆ, ಹಿದುಕಿದ ಬೇಳೆ ಸಾರು. ಇದಕ್ಕೆಲ್ಲ ಯಾವ ಮಾರುಕಟ್ಟೆಯ ರೇಟನ್ನು ಕೇಳಬೇಕು?

ಹೆಂಗಸರಿಗೆ ಆ ಬರದ ವರ್ಷವೇ ಹೊಸದೊಂದು ಖುಷಿ ಸಿಕ್ಕಿತು. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ಶುರುವಾಯಿತು. ಬಸ್ ಚಾರ್ಜಿಗೆ ಯಾರ ಮುಂದೆಯೂ ಕೈಚಾಚದೆ ತವರಿಗೆ ಹೋಗಿ ಬರಬಹುದು ಎನ್ನುವುದು ಸಣ್ಣ ಮಾತಲ್ಲ. ಅದೇ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ದೂರದೇಶದವರು ಬಂದು ನೋಡುವುದನ್ನು ಬುತ್ತಿ ಕಟ್ಟಿಕೊಂಡು ಹೋಗಿ ಒಂದೇ ದಿನದಲ್ಲಿ ನೋಡಿ ಬರುವ ಭಾಗ್ಯ ಈ ಊರಿನವರದು.

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುವವರು "ಎಷ್ಟೊತ್ತು ಸ್ವಾಮಿ ಇದು?" ಎಂದು ಗೊಣಗುವುದು ಹಳೇ ಕಥೆ. ಆದರೆ 2020ರ ಲಾಕ್‌ಡೌನ್‌ನಲ್ಲಿ ಎರಡು ತಿಂಗಳ ಹತ್ತಿರ ಬಸ್ಸೇ ಇರಲಿಲ್ಲ. ಮೇ 19ಕ್ಕೆ ಮತ್ತೆ ಚಕ್ರ ಉರುಳಿದಾಗ, ಕಾಯುವ ಹೊತ್ತಿನ ಆ ಮಾತುಕತೆಯೂ ಮರಳಿ ಬಂತು. ಬೈ ಟು ಟೀ, "ಏನಣ್ಣ, ನಿಮ್ ಕಡೆ ಮಳೆ ಆಯ್ತಾ?" ಎಂಬ ಒಂದು ಮಾತು. ಕಳೆದುಕೊಂಡ ಮೇಲೇ ಅದರ ಬೆಲೆ ತಿಳಿದದ್ದು.

ಅರ್ಧ ಲೋಟ ಟೀಗೆ ಕೊಬ್ಬರಿ ರೇಟು ಏರುವುದಿಲ್ಲ, ಬತ್ತಿದ ಬೋರಿಗೆ ನೀರೂ ಬರುವುದಿಲ್ಲ. "ಜನ ನಗ್ತಾ ಅವ್ರಲ್ಲ, ಇನ್ನೇನು ಬೇಕು?" ಎಂದು ಆಳುವವರು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬೆಲೆ ಕೇಳುವ ಹಕ್ಕು ಬೇರೆ, ನಗುವ ಹಕ್ಕು ಬೇರೆ. ಎರಡನ್ನೂ ಬಿಡಬಾರದು.

ಈ ಕೂಟಗಳಿಗೆ ಇನ್ನೊಂದು ಉಪಯೋಗವಿದೆ. ಸಾಲದಲ್ಲಿ ಮುಳುಗಿದವನು ಬಾಯಿಬಿಟ್ಟು ಹೇಳುವುದಿಲ್ಲ. ಮೊದಲು ಟೀ ಅಂಗಡಿ ಬಿಡುತ್ತಾನೆ, ಆಮೇಲೆ ಜಗಲಿ ಬಿಡುತ್ತಾನೆ, ಉದ್ರಿ ಬಾಕಿ ಇರುವ ಅಂಗಡಿಯ ಮುಂದೆ ತಲೆತಗ್ಗಿಸಿ ಹೋಗುತ್ತಾನೆ. ದಿನಾ ಜೊತೆಯಲ್ಲಿ ನಕ್ಕವರಿಗೆ ಅದು ಬೇಗ ಗೊತ್ತಾಗುತ್ತದೆ. ನಾಲ್ಕು ದಿನದಿಂದ ಒಬ್ಬರು ಕಾಣದಿದ್ದರೆ, ಅಂಗಡಿಯವರಾಗಲಿ ಬಸ್ಸಿನ ಗೆಳೆಯರಾಗಲಿ, ಬಾಕಿ ಮಾತು ಎತ್ತದೆ ಮನೆ ತನಕ ಹೋಗಿ "ಯಾಕಣ್ಣ, ಕಾಣ್ಲೇ ಇಲ್ಲ?" ಎಂದು ಕೇಳಿ ಬರುವುದು ಒಳ್ಳೆಯದು.