ಮಕ್ಕಳೂ ಕ್ಷಮೆಯ ಲೆಕ್ಕವೂ

ಕ್ರೈಸ್ತರ ಮನೆಗಳಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಮಕ್ಕಳು ಕೈಕಾಲು ತೊಳೆದು ಬಂದು ಹೇಳುವ ಪ್ರಾರ್ಥನೆಗಳಲ್ಲಿ ಕ್ರಿಸ್ತಸ್ವಾಮಿಯು ತನ್ನ ಶಿಷ್ಯರಿಗೆ ಕಲಿಸಿಕೊಟ್ಟದ್ದೇ ಮುಖ್ಯವಾದದ್ದು. ಪ್ರೊಟೆಸ್ಟಂಟರು ಅದನ್ನು ಕರ್ತನ ಪ್ರಾರ್ಥನೆಯೆಂದೂ ಕಥೋಲಿಕರು ಪರಲೋಕ ಮಂತ್ರವೆಂದೂ ಕರೆಯುವರು. ನಾಲ್ಕು ವರ್ಷದ ಕೂಸು ಸಹ ಅದನ್ನು ತಡವರಿಸದೆ ಒಪ್ಪಿಸಬಲ್ಲದು. ಅದರೊಳಗಿನ ಒಂದು ವಿಜ್ಞಾಪನೆಯಲ್ಲಿ ನಾವು ನಮ್ಮ ತಪ್ಪುಗಳಿಗೆ ಕ್ಷಮೆಯನ್ನು ಬೇಡುವದಲ್ಲದೆ, ನಮಗೆ ತಪ್ಪುಮಾಡಿದವರನ್ನು ನಾವೂ ಕ್ಷಮಿಸಿದ್ದೇವೆಂಬ ಮಾತನ್ನು ದೇವರ ಮುಂದೆ ಇಡುತ್ತೇವೆ. ದೊಡ್ಡವರಾದ ನಾವು ಆ ಮಾತನ್ನು ಎಷ್ಟು ಸಲೀಸಾಗಿ ದಾಟಿಹೋಗುತ್ತೇವೆಂಬದನ್ನು ನೆನೆದರೆ ನಾಚಿಕೆಯಾಗುವದು. ಅಲ್ಲಿ ಎಡವಿ ನಿಲ್ಲಬೇಕೆಂಬದನ್ನು ನಮಗೆ ಕಲಿಸಿದವಳು ಒಂಬತ್ತು ವರ್ಷದ ಹುಡುಗಿ.

ಕಳೆದ ಮಳೆಗಾಲದ ಸಂಗತಿ. ನಮ್ಮ ಹಿರಿಯ ಮಗಳು ಶಾಲೆಯ ಪ್ರದರ್ಶನಕ್ಕೆಂದು ನಾಲ್ಕು ಸಂಜೆ ಕೂತು ಹೊಳೆ, ದೋಣಿ, ತೆಂಗಿನ ತೋಟಗಳಿರುವ ಒಂದು ಬಣ್ಣದ ಚಿತ್ರವನ್ನು ಬರೆದಿದ್ದಳು. ಆರು ವರ್ಷದ ತಮ್ಮನು ಕುಂಚ ತೊಳೆದ ನೀರನ್ನು ಅದರ ಮೇಲೆ ಸುರಿದುಬಿಟ್ಟನು. ಕೈತಪ್ಪಿ ಆದದ್ದಲ್ಲ; ಅಕ್ಕನು ತನ್ನನ್ನು ಆಟಕ್ಕೆ ಕರೆಯಲಿಲ್ಲವೆಂಬ ಸಿಟ್ಟು. ಕೂಗಾಟವನ್ನು ಕೇಳಿ ನಾವು ಎದ್ದುಹೋಗಿ, ಹುಡುಗನ ಕಿವಿ ಹಿಡಿದು, “ಅಕ್ಕನ ಹತ್ತಿರ ತಪ್ಪಾಯಿತು ಅನ್ನು” ಎಂದೆವು, ಅಂದನು. ಮಗಳ ಕಡೆಗೆ ತಿರುಗಿ, “ನೀನು ದೊಡ್ಡವಳಲ್ಲವೇ, ಕ್ಷಮಿಸಿದೆ ಅನ್ನು” ಎಂದೆವು, ಅವಳೂ ಅಂದಳು. ಮನೆ ನಿಶ್ಶಬ್ದವಾಯಿತು. ನ್ಯಾಯತೀರ್ಮಾನ ಮಾಡಿದ ಸಂತೋಷದಲ್ಲಿ ನಾವು ವರ್ತಮಾನಪತ್ರಿಕೆಗೆ ಹಿಂದಿರುಗಿದೆವು.

ರಾತ್ರಿಯ ಪ್ರಾರ್ಥನೆಯಲ್ಲಿ ಆ ವಿಜ್ಞಾಪನೆ ಬಂದಾಗ ಹುಡುಗಿಯ ಸ್ವರ ನಿಂತುಹೋಯಿತು. ಆಮೇಲೆ ತಾಯಿ ಹತ್ತಿರ ಕೂತು ವಿಚಾರಿಸಲು ಅವಳು ಅಂದದ್ದು ಇಷ್ಟೇ: “ಅವನು ತಪ್ಪಾಯಿತು ಅಂದದ್ದು ನನಗಲ್ಲ ಅಮ್ಮಾ, ಅಪ್ಪನಿಗೆ. ನಾನು ಕ್ಷಮಿಸಿದೆ ಅಂದದ್ದೂ ಅಪ್ಪನಿಗೇ. ದೇವರ ಹತ್ತಿರ ಹೇಗೆ ಹೇಳಲಿ?”

ಬಾಗಿಲ ಹಿಂದೆ ನಿಂತಿದ್ದ ನಮಗೆ ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಮನೆಯ ಸದ್ದಡಗಿಸುವದಕ್ಕೆ ನಾವು ದೇವರ ಮಾತನ್ನು ಉಪಯೋಗಿಸಿದ್ದೆವು.

ನಮ್ಮ ತಪ್ಪಿಗೆ ಶಬ್ದದ ಪಾಲೂ ಸ್ವಲ್ಪ ಇದೆಯೆಂದು ತೋರುತ್ತದೆ. ಕ್ಷಮೆಯೆಂದರೆ ನಮ್ಮಲ್ಲಿ ತಾಳ್ಮೆ ಎಂದೂ ಅರ್ಥ. ತುಳಿದರೂ ತಾಳಿಕೊಳ್ಳುವ ಭೂಮಿಗೆ ಸಂಸ್ಕೃತದಲ್ಲಿ ಕ್ಷಮಾ ಎಂಬ ಹೆಸರೇ ಉಂಟು. ಆದಕಾರಣ ಮಗುವಿಗೆ, ವಿಶೇಷವಾಗಿ ಹೆಣ್ಣುಮಗುವಿಗೆ, ‘ಕ್ಷಮಿಸು’ ಎಂದರೆ ‘ಸಹಿಸಿಕೊಂಡು ಸುಮ್ಮನಿರು’ ಎಂದೇ ಕೇಳಿಸುವದು. ಸುವಾರ್ತೆಗಳ ಮೂಲವಾದ ಗ್ರೀಕ್ ಭಾಷೆಯಲ್ಲಿ ಈ ಸ್ಥಳದಲ್ಲಿರುವ ಕ್ರಿಯಾಪದಕ್ಕೆ ಬಿಟ್ಟುಬಿಡುವದು, ಬಿಡುಗಡೆ ಮಾಡುವದು ಎಂಬರ್ಥ. ಮತ್ತಾಯನ ಸುವಾರ್ತೆಯ ಪ್ರಾರ್ಥನೆಯಲ್ಲಂತೂ ತಪ್ಪು ಎಂಬಲ್ಲಿ ‘ಸಾಲ’ ಎಂಬ ಶಬ್ದವೇ ಇದೆ. ಸಾಲವನ್ನು ಬಿಡಬೇಕಾದರೆ ಸಾಲವಿದೆಯೆಂದು ಮೊದಲು ಒಪ್ಪಬೇಕಲ್ಲವೇ? ಏನೂ ಆಗಲಿಲ್ಲ ಎನ್ನುವವನು ಏನನ್ನೂ ಬಿಟ್ಟುಕೊಡುವದಿಲ್ಲ.

ಮರುದಿನ ಮಗಳನ್ನು ಹತ್ತಿರ ಕೂರಿಸಿಕೊಂಡು ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿರುವ ಸೇವಕನ ಸಾಮ್ಯವನ್ನು ಓದಿದೆವು. ಸಹೋದರನನ್ನು ಎಷ್ಟು ಸಾರಿ ಕ್ಷಮಿಸಬೇಕೆಂದು ಪೇತ್ರನು ಕೇಳಿದ್ದಕ್ಕೆ ಯೇಸು ಹೇಳಿದ ಕಥೆ ಅದು. ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ತೆರಬೇಕಾಗಿದ್ದ ಸೇವಕನೊಬ್ಬನಿಗೆ ಅರಸನು ಕನಿಕರದಿಂದ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ಆ ಸೇವಕನು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆಯನ್ನು ಹಿಡಿದು ಸೆರೆಗೆ ಹಾಕಿಸುತ್ತಾನೆ. ಈ ಸಂಖ್ಯೆಗಳನ್ನು ನಾವು ಎಷ್ಟೋ ಸಾರಿ ಓದಿದ್ದರೂ ಎಂದೂ ಲೆಕ್ಕಹಾಕಿರಲಿಲ್ಲ. ಮಗಳು ನೋಟುಪುಸ್ತಕವನ್ನು ತಂದಳು. ದಿನಾರಿ ಎಂಬದು ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಆರು ಸಾವಿರ ದಿನಾರಿ. ಆಗ ಸೇವಕನ ಸಾಲ 6 ಕೋಟಿ ದಿನದ ಕೂಲಿಯಾಯಿತು. ವರ್ಷಕ್ಕೆ 300 ದಿನ ದುಡಿದರೆ ಅದನ್ನು ತೀರಿಸಲು 2 ಲಕ್ಷ ವರ್ಷ ಬೇಕು! ಹುಡುಗಿ ನಕ್ಕುಬಿಟ್ಟಳು. ಅನಂತರ ನೂರು ದಿನಾರಿಯನ್ನು ನೋಡಿದಳು: ಸಬ್ಬತ್ ದಿನಗಳನ್ನು ಬಿಟ್ಟರೆ ಹೆಚ್ಚುಕಡಿಮೆ ನಾಲ್ಕು ತಿಂಗಳ ದುಡಿಮೆ. “ಇದೂ ಸಣ್ಣದೇನಲ್ಲ ಅಪ್ಪಾ” ಎಂದಳು.

ಸಣ್ಣದಲ್ಲ. ಕಥೆಯಲ್ಲಿ ನಾವು ಕಾಣದೆ ಹೋಗಿದ್ದದ್ದು ಇದೇ. ಜೊತೆಗಾರನ ಸಾಲ ಸುಳ್ಳೆಂದಾಗಲಿ ಅಲ್ಪವೆಂದಾಗಲಿ ಯೇಸು ಹೇಳಲಿಲ್ಲ. ನಾಲ್ಕು ಸಂಜೆಯ ಚಿತ್ರವೂ ಅಲ್ಪವಲ್ಲ. ಸೇವಕನ ದೋಷವು ತನಗೆ ಬಂದ ನಷ್ಟವನ್ನು ಎಣಿಸಿದ್ದರಲ್ಲಿ ಇಲ್ಲ. ತನಗೆ ಬಿಟ್ಟುಬಂದ ಲೆಕ್ಕವನ್ನು ಅರಮನೆಯ ಮೆಟ್ಟಲಿಳಿಯುವದರೊಳಗೆ ಮರೆತದ್ದರಲ್ಲಿ ಇದೆ.

ಇದರಿಂದ ನಮಗೆ ತೋರಿದ್ದೇನಂದರೆ, ಮಕ್ಕಳಿಗೆ ಕ್ಷಮೆಯನ್ನು ಕಲಿಸುವದಕ್ಕೆ ಮುಂಚೆ ಕೃತಜ್ಞತೆಯನ್ನು ಕಲಿಸಬೇಕು. ಕೃತಜ್ಞನೆಂದರೆ ಮಾಡಿದ್ದನ್ನು ಅರಿತವನು. ಶಬ್ದವೇ ಹಾಗೆ ಹೇಳುತ್ತದೆ. ಲೂಕನ ಹದಿನೇಳನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ಯೇಸುವಿನ ಪಾದಕ್ಕೆ ಬೀಳಲು ಹಿಂದಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರವಿಟ್ಟ ಸಮಾರ್ಯದವನು. ಉಳಿದ ಒಂಬತ್ತು ಮಂದಿಯನ್ನು ಕೆಟ್ಟವರೆಂದು ಮಕ್ಕಳಿಗೆ ಹೇಳುವದು ಸರಿಯಲ್ಲ. ಯಾಜಕರಿಗೆ ತೋರಿಸಿಕೊಳ್ಳಿರೆಂದು ಯೇಸುವೇ ಹೇಳಿದ್ದನು; ಅವರು ಹೇಳಿದಂತೆ ನಡೆದರು. ಅವರು ಆಜ್ಞೆಯನ್ನು ಮೀರಲಿಲ್ಲ, ಹಿಂದೆ ನೋಡಲಿಲ್ಲ ಅಷ್ಟೇ. ನಮ್ಮ ಒಳ್ಳೆಯ ಮಕ್ಕಳಲ್ಲಿ ಬಹುಮಂದಿ ಈ ಒಂಬತ್ತರಲ್ಲಿ ಸೇರಿದವರು, ನಾವೂ ಸಹ.

ಮಾತಿಗೊಮ್ಮೆ ‘ಥ್ಯಾಂಕ್ಯೂ’ ಅನ್ನಿಸುವದರಿಂದ ಇದು ಬರುವದೆಂದು ನಮಗೆ ನಂಬಿಕೆಯಿಲ್ಲ. ತುಳುನಾಡಿನ ಕಥೋಲಿಕರ ಮೊಂತಿ ಹಬ್ಬವನ್ನು ನೋಡಿರಿ. ಕನ್ಯಾಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂಗಳನ್ನು ಕೊಯ್ದು ತಂದು ಇಗರ್ಜಿಯಲ್ಲಿ ಅರ್ಪಿಸುವರು. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳನ್ನು ಸುಲಿದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುವರು. ದೂರದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವದೂ ಉಂಟು. ಯಾರೂ ಉಪದೇಶ ಮಾಡುವದಿಲ್ಲ. ಆದರೂ ಅಂಗಡಿಯ ಚೀಲದಿಂದ ಅಕ್ಕಿಯನ್ನು ಕಂಡ ಮಗುವು ಅಂದು ಅದನ್ನು ತೆನೆಯಲ್ಲಿ ಕಾಣುವದು. ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಒಂದು ಮಗು ದೇವರನ್ನೂ, ಆ ದಿನದ ಅನ್ನಕ್ಕೆ ದುಡಿದ ಒಬ್ಬ ಮನುಷ್ಯನನ್ನೂ ನೆನೆಯಬೇಕೆಂದು ಗೊತ್ತುಮಾಡಿದ್ದೇವೆ. ಕೆಲವು ದಿನ ಗ್ಯಾಸ್ ಸಿಲಿಂಡರ್ ಹೊತ್ತು ತಂದವನ ಹೆಸರು ಬರುವದು; ಒಮ್ಮೆ ಹಸುವಿನ ಹೆಸರೂ ಬಂತು.

ಸಾಲ ಬಿಡುವವನು ಬಿಡಲಿ, ಸಾಲಗಾರನ ಕರ್ತವ್ಯವೇನು? ಇದನ್ನು ಮಕ್ಕಳು ಕೇಳಿಯೇ ಕೇಳುವರು. ಲೂಕನು ಹೇಳುವ ಸುಂಕದ ಜಕ್ಕಾಯನು, ಯೇಸು ತನ್ನ ಮನೆಗೆ ಬಂದ ಸಂತೋಷದಲ್ಲಿಯೇ, ತಾನು ಮೋಸದಿಂದ ಕಸುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದನು. ಕಥೋಲಿಕ ಸಭೆಯಲ್ಲಿ, ಹತ್ತನೆಯ ಪಿಯುಸ್ ಜಗದ್ಗುರುಗಳ 1910ರ ಆಜ್ಞೆಯ ಮೇರೆಗೆ, ಸುಮಾರು ಏಳು ವರ್ಷದ ಮಕ್ಕಳು ಪಾಪನಿವೇದನೆ ಮಾಡಲು ಬರುವರು. ಅಲ್ಲಿಯೂ ಪಶ್ಚಾತ್ತಾಪದ ಜೊತೆಗೆ ಪ್ರಾಯಶ್ಚಿತ್ತವು ಇದ್ದೇ ಇದೆ.

ಇನ್ನೊಂದು ಮಾತನ್ನು ತಂದೆತಾಯಿಗಳಿಗೆ ಮರೆಮಾಚದೆ ಹೇಳಬೇಕು. ದೊಡ್ಡವರು ಯಾರಾದರೂ, ನೆಂಟರಾಗಲಿ ಗುರುಗಳಾಗಲಿ ಪಾದ್ರಿಗಳಾಗಲಿ, ಮಗುವನ್ನು ಕೆಟ್ಟ ಮನಸ್ಸಿನಿಂದ ಮುಟ್ಟಿದಲ್ಲಿ, ‘ಕ್ಷಮಿಸಿಬಿಡು, ಯಾರಿಗೂ ಹೇಳಬೇಡ’ ಎನ್ನುವದು ಕ್ರಿಸ್ತನ ಉಪದೇಶವಲ್ಲ, ಮಗುವಿಗೆ ಎರಡನೆಯ ದ್ರೋಹ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆಯ ಪ್ರಕಾರ ಅಂಥದ್ದನ್ನು ಅರಿತವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂಬದನ್ನು ಮಕ್ಕಳಿಗೇ ಕಲಿಸಿರಿ. ಕ್ಷಮೆಯು ನ್ಯಾಯಸ್ಥಾನದ ಬಾಗಿಲನ್ನು ಮುಚ್ಚುವದಿಲ್ಲ.

ಇದಕ್ಕೆ ನಮ್ಮ ದೇಶದ ಒಂದು ನಿದರ್ಶನವನ್ನು ಹಿರಿಯ ಮಗಳಿಗೆ ಹೇಳಿದೆವು. ಕಿರಿಯನಿಗೆ ಇನ್ನೂ ಹೇಳಿಲ್ಲ. ಕೇರಳದವರಾದ ಸಿಸ್ಟರ್ ರಾಣಿ ಮರಿಯಾ ಎಂಬ ಸನ್ಯಾಸಿನಿಯವರು ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬಡ ರೈತರನ್ನು ಸಾಹುಕಾರರ ಸಾಲದಿಂದ ಬಿಡಿಸಲು ದುಡಿಯುತ್ತಿದ್ದರು. 1995ರ ಫೆಬ್ರವರಿ 25ರಂದು ಇಂದೂರಿಗೆ ಹೋಗುವ ಬಸ್ಸಿನಲ್ಲಿ ಒಬ್ಬನು ಅವರನ್ನು ಇರಿದು ಕೊಂದನು. ಅವನಿಗೆ ಶಿಕ್ಷೆಯಾಯಿತು. ಏಳು ವರ್ಷಗಳ ತರುವಾಯ, 2002ರಲ್ಲಿ, ರಾಣಿ ಮರಿಯಾರವರ ತಂಗಿ, ತಾನೂ ಸನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿಯನ್ನು ಕಟ್ಟಿ ಅಣ್ಣನೆಂದು ಕರೆದರು. 2006ರಲ್ಲಿ ಅವನು ಬಿಡುಗಡೆಯಾಗಿ, ಆಮೇಲೆ ಕೇರಳಕ್ಕೆ ಹೋಗಿ ಆ ತಂದೆತಾಯಿಗಳನ್ನು ಕಂಡನು. 2017ರಲ್ಲಿ ರಾಣಿ ಮರಿಯಾರನ್ನು ಧನ್ಯರೆಂದು ಸಾರಲಾಯಿತು. ಕಥೆಯನ್ನು ಕೇಳಿದ ಮಗಳು ಹಿಡಿದದ್ದು ಬೇರೊಂದನ್ನು: “ಏಳು ವರ್ಷ ಅವರನ್ನು ಯಾರೂ ಅವಸರ ಮಾಡಲಿಲ್ಲವೋ?”

ಆಗ ನಾವು ಅವಳ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವಳ ನೋವನ್ನು ಕೇಳದೆ ಅವಸರಪಟ್ಟದ್ದು ನಮ್ಮ ತಪ್ಪು ಎಂದು ಹೇಳಿ, ಉತ್ತರಕ್ಕೆ ಕಾಯದೆ ಎದ್ದುಬಂದೆವು. ಉತ್ತರವು ಮೂರು ದಿನವಾದ ಮೇಲೆ ಬಂತು: “ಇರಲಿ ಅಪ್ಪಾ.”

ತಮ್ಮನು ಆ ಹೊತ್ತಿಗೆ ತಾನಾಗಿಯೇ ಅವಳ ಸುತ್ತ ಸುಳಿಯತೊಡಗಿದ್ದನು. ಅವಳು ಹೊಸ ಚಿತ್ರವನ್ನು ಆರಂಭಿಸಿ, ನಾಲ್ಕು ಸಂಜೆ ತನ್ನ ಕುಂಚಗಳನ್ನು ಅವನು ತೊಳೆದುಕೊಡಬೇಕೆಂದು ವಿಧಿಸಿದಳು. ಮೂರು ಸಂಜೆ ಅವನು ಅಂಗಿಯೆಲ್ಲ ಒದ್ದೆಮಾಡಿಕೊಂಡು ತೊಳೆದನು. ನಾಲ್ಕನೆಯ ಸಂಜೆ ಅವನು ಅಂಗಳದಲ್ಲಿ ಚೆಂಡಾಡುತ್ತಿರುವದನ್ನು ಕಿಟಕಿಯಿಂದ ನೋಡಿ, ಅವಳು ಕರೆಯದೆ, ಕುಂಚಗಳನ್ನು ತಾನೇ ತೊಳೆದು ಒಣಗಲಿಟ್ಟಳು.