ಆಫರ್ ಲೆಟರ್‌ನಿಂದ ಮೊದಲ ಸಂಬಳದವರೆಗೆ: ಎಚ್‌ಆರ್ ಮೇಜಿಗೆ ಬೇಕಾದ ಇಂಟಿಗ್ರೇಷನ್ ಪದಗಳು

ಕೆಲವು ವರ್ಷಗಳ ಹಿಂದಿನ ಮಾತು. ಎಲ್ಲರ ಖಾತೆಗೂ ಸಂಬಳ ಬಿದ್ದ ಸಂಜೆ, ಆ ತಿಂಗಳಷ್ಟೇ ಸೇರಿದ್ದ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದು ನಿಂತ. "ಮೇಡಂ, ನಂದು ಇನ್ನೂ ಬಂದಿಲ್ಲ." ಹಾಸನದ ಕಡೆಯವನು. ಪಿಜಿ ಬಾಡಿಗೆ ಕಟ್ಟಬೇಕಿತ್ತು, ಊರಿಗೂ ಒಂದಿಷ್ಟು ಕಳಿಸುತ್ತೇನೆಂದು ಅಮ್ಮನಿಗೆ ಹೇಳಿಬಿಟ್ಟಿದ್ದ. ಪೇರೋಲ್‌ನಲ್ಲಿ ಅವನ ಹೆಸರಿತ್ತು, ಪೇ ಸ್ಲಿಪ್ಪೂ ಬಂದಿತ್ತು. ದುಡ್ಡು ಮಾತ್ರ ಬ್ಯಾಂಕಿನಿಂದ ವಾಪಸ್ಸಾಗಿತ್ತು. ಪಾಸ್‌ಬುಕ್ ಪಕ್ಕಕ್ಕಿಟ್ಟುಕೊಂಡು ಇಬ್ಬರೂ ಒಂದೊಂದೇ ಅಂಕಿ ಓದಿದೆವು. 15 ಅಂಕಿ ಸರಿಯಿದ್ದವು. 16ನೆಯದು 7 ಇರಬೇಕಾದ ಕಡೆ 0 ಇತ್ತು.

ಯಾರೂ ತಪ್ಪು ಟೈಪ್ ಮಾಡಿರಲಿಲ್ಲ. ಹೊಸಬರ ವಿವರಗಳ ಸಿಎಸ್‌ವಿ ಫೈಲನ್ನು ಪೇರೋಲ್‌ಗೆ ಕಳಿಸುವ ಮುಂಚೆ, ಒಂದು ಸಲ ಕಣ್ಣಾಡಿಸೋಣವೆಂದು ನಾನೇ ಎಕ್ಸೆಲ್‌ನಲ್ಲಿ ತೆರೆದು ಎಕ್ಸೆಲ್ ಫೈಲಾಗಿಯೇ ಸೇವ್ ಮಾಡಿದ್ದೆ. ಎಕ್ಸೆಲ್ ಯಾವುದೇ ಸಂಖ್ಯೆಯ 15 ಅಂಕಿಗಳನ್ನಷ್ಟೇ ಇದ್ದಂತೆ ಇಟ್ಟುಕೊಳ್ಳುತ್ತದೆ, ಮುಂದಿನದನ್ನು ಸೊನ್ನೆ ಮಾಡುತ್ತದೆ. ಮೊದಲಲ್ಲಿರುವ ಸೊನ್ನೆಗಳನ್ನೂ ತೆಗೆದುಹಾಕುತ್ತದೆ. ಖಾತೆ ಸಂಖ್ಯೆಯನ್ನು ಕೂಡಿಸಿ ಕಳೆಯುವುದಿಲ್ಲವಲ್ಲ, ಹಾಗಾಗಿ ಅದು ಲೆಕ್ಕದ ಸಂಖ್ಯೆಯಲ್ಲ, ಅಂಕಿಗಳಲ್ಲಿ ಬರೆದ ಹೆಸರಿದ್ದಂತೆ. ಫೈಲು ಮಾಡಿಕೊಡುವಾಗ ಐಟಿಯವರು "ಆ ಕಾಲಂ ಟೆಕ್ಸ್ಟ್ ಇರಲಾ, ನಂಬರ್ ಇರಲಾ?" ಎಂದು ಕೇಳಿದ್ದರು. ಯಾವುದಾದರೇನು ಅಂದಿದ್ದೆ. ಆ ಪ್ರಶ್ನೆ ಅವತ್ತು ಅರ್ಥವಾಗಿದ್ದರೆ ಹುಡುಗನಿಗೆ ನಾಲ್ಕು ದಿನ ತಡವಾಗುತ್ತಿರಲಿಲ್ಲ. ಟೆಕ್ಸ್ಟ್, ನಂಬರ್, ದಿನಾಂಕ ಎಂಬ ಈ ವಿಂಗಡಣೆಗೆ ಡೇಟಾ ಟೈಪ್ ಅನ್ನುತ್ತಾರೆ. ನಾನು ಕಲಿತ ಮೊದಲ ಪದ ಅದು.

ಉಳಿದ ಪದಗಳೂ ಒಬ್ಬ ಅಭ್ಯರ್ಥಿ ಅರ್ಜಿ ಹಾಕಿದಲ್ಲಿಂದ ಮೊದಲ ಸಂಬಳ ಎಣಿಸುವವರೆಗಿನ ದಾರಿಯಲ್ಲೇ ಸಿಗುತ್ತವೆ. ಅರ್ಜಿ ಬಂದು ಸೇರುವ ಜಾಗ ಎಟಿಎಸ್, ಅಂದರೆ ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್. ಕೆಲಸಕ್ಕೆ ಸೇರಿದ ಮೇಲೆ ಅವರ ದಾಖಲೆ ಇರುವುದು ಎಚ್‌ಆರ್‌ಎಂಎಸ್‌ನಲ್ಲಿ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಈ ಹೆಸರು ಕೇಳಿಯೇ ಇರುತ್ತೀರಿ. ರಾಜ್ಯ ಸರ್ಕಾರದ ನೌಕರರ ಸಂಬಳದ ಬಿಲ್ಲು ಎಚ್‌ಆರ್‌ಎಂಎಸ್‌ನಲ್ಲಿ ತಯಾರಾಗಿ ಖಜಾನೆ-2ಕ್ಕೆ ಹೋಗುತ್ತದೆ. ಒಂದು ವ್ಯವಸ್ಥೆಯಲ್ಲಿ ಹುಟ್ಟಿದ ಮಾಹಿತಿ, ಮತ್ತೆ ಯಾರೂ ಟೈಪ್ ಮಾಡದೆ, ಇನ್ನೊಂದಕ್ಕೆ ತಲುಪುವುದೇ ಇಂಟಿಗ್ರೇಷನ್.

ಎಟಿಎಸ್‌ಗೆ ಬಂದ ರೆಸ್ಯೂಮೆಯನ್ನು ಮೊದಲು ಓದುವುದು ಪಾರ್ಸರ್. ಅದು ಪಿಡಿಎಫ್‌ನಿಂದ ಹೆಸರು, ಫೋನು, ಅನುಭವಗಳನ್ನು ಹೆಕ್ಕಿ ಬೇರೆಬೇರೆ ಖಾನೆಗೆ ಹಾಕುತ್ತದೆ. ಈ ಖಾನೆಯೇ ಫೀಲ್ಡ್. ಎರಡು ಕಾಲಂಗಳ ರೆಸ್ಯೂಮೆ, ಟೇಬಲ್ ಒಳಗೆ ಬರೆದದ್ದು, ಸ್ಕ್ಯಾನ್ ಮಾಡಿದ ಹಾಳೆ, ಇವು ಬಂದರೆ ಎಷ್ಟೋ ಪಾರ್ಸರ್‌ಗಳು ಎಡವುತ್ತವೆ, ಅನುಭವದ ಖಾನೆ ಖಾಲಿ ಉಳಿಯುತ್ತದೆ. ಅದರ ಹಿಂದೆಯೇ ಆಟೊಮೇಷನ್ ಕಾದಿರುತ್ತದೆ. ಆಟೊಮೇಷನ್ನಿನ ನಿಯಮದಲ್ಲಿ ಸಾಮಾನ್ಯವಾಗಿ ಮೂರು ಭಾಗ. ಅರ್ಜಿ ಬಂತು ಅನ್ನುವುದು ಟ್ರಿಗರ್, ಅನುಭವ ಮೂರು ವರ್ಷಕ್ಕಿಂತ ಕಡಿಮೆಯೇ ಎಂದು ನೋಡುವುದು ಕಂಡೀಷನ್, ವಿಷಾದದ ಮೇಲ್ ಕಳಿಸುವುದು ಆ್ಯಕ್ಷನ್. ನಿಯಮ ಬರೆದವರು ಖಾಲಿ ಖಾನೆಯನ್ನು ಸೊನ್ನೆ ಎಂದೇ ಲೆಕ್ಕಕ್ಕೆ ಹಿಡಿದಿದ್ದರೆ, ಎಂಟು ವರ್ಷ ದುಡಿದವನಿಗೂ ವಿಷಾದದ ಮೇಲ್ ಹೋಗುತ್ತದೆ. ಖಾಲಿಯಿದ್ದರೆ ತಿರಸ್ಕರಿಸಬೇಡಿ, ಮನುಷ್ಯರ ಕೈಗೆ ಕೊಡಿ ಎಂಬ ಒಂದು ಸಾಲನ್ನು ಆ ನಿಯಮದಲ್ಲಿ ಬರೆಸುವುದು ನೇಮಕಾತಿ ಮಾಡುವವರ ಕರ್ತವ್ಯ ಎಂದೇ ನಾನು ತಿಳಿದಿದ್ದೇನೆ.

ಇನ್ನು ಮ್ಯಾಪಿಂಗ್. ಈ ವ್ಯವಸ್ಥೆಯ ಯಾವ ಖಾನೆ ಆ ವ್ಯವಸ್ಥೆಯ ಯಾವ ಖಾನೆಗೆ ಹೋಗಬೇಕು ಎಂಬ ಜೋಡಣೆ ಅದು. ಕೇಳಲು ಸುಲಭ. ನಮ್ಮ ಕಡೆಯ ಹೆಸರು ಬಂದಾಗ ಕಷ್ಟ ಗೊತ್ತಾಗುತ್ತದೆ. ಎಸ್. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎಸ್ ಅಂದರೆ ಅಪ್ಪನ ಹೆಸರಿರಬಹುದು, ಊರಿನದಿರಬಹುದು, ಮನೆತನದ್ದೂ ಇರಬಹುದು. ಹೊರದೇಶದ ತಂತ್ರಾಂಶ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡನ್ನೂ ಕಡ್ಡಾಯವಾಗಿ ಕೇಳುತ್ತದೆ. ಒಬ್ಬ ಲಾಸ್ಟ್ ನೇಮ್‌ನಲ್ಲಿ ಬರೀ ಎಸ್ ಹಾಕುತ್ತಾನೆ, ಇನ್ನೊಬ್ಬ ಚುಕ್ಕೆ ಇಡುತ್ತಾನೆ, ಮತ್ತೊಬ್ಬ ಮಂಜುನಾಥ ಮಂಜುನಾಥ ಆಗುತ್ತಾನೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಕೊನೆಯಲ್ಲಿ, ಪ್ಯಾನ್‌ನಲ್ಲಿ ಅದನ್ನು ಬಿಡಿಸಿ ಬರೆದ ಅಪ್ಪನ ಹೆಸರು. ಪಿಎಫ್‌ನ 12 ಅಂಕಿಯ ಯುಎಎನ್‌ಗೆ ಆಧಾರ್ ಜೋಡಿಸುವಾಗ ಹೆಸರು, ಲಿಂಗ, ಹುಟ್ಟಿದ ದಿನಾಂಕ ತಾಳೆಯಾಗಬೇಕು. ಆಗದಿದ್ದರೆ ಜಾಯಿಂಟ್ ಡಿಕ್ಲರೇಷನ್ ಹಿಡಿದು ಓಡಾಡಬೇಕಾದವನು ಉದ್ಯೋಗಿ. ಅದಕ್ಕೇ ಹೆಸರಿನ ಮ್ಯಾಪಿಂಗ್ ಐಟಿಯವರಿಗೆ ಬಿಡುವ ಕೆಲಸವಲ್ಲ. ಕರೆಯುವ ಹೆಸರು ಒಂದು ಖಾನೆ, ಆಧಾರ್‌ನಲ್ಲಿ ಇರುವಂತೆ ಪೂರ್ತಿ ಹೆಸರು ಇನ್ನೊಂದು ಖಾನೆ ಎಂದು ನಾವೇ ಕೂತು ಬರೆದುಕೊಡಬೇಕು. ದಿನಾಂಕದ್ದೂ ಇದೇ ಕಥೆ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದ ತಂತ್ರಾಂಶಕ್ಕೆ ಮಾರ್ಚ್ 4. ವರ್ಷ ಮೊದಲು, ತಿಂಗಳು ನಡುವೆ, ದಿನ ಕೊನೆಗೆ, 2025-04-03 ಎಂದು ಬರೆಯುವ ಐಎಸ್‌ಒ 8601 ಕ್ರಮ ಹಿಡಿದರೆ ಈ ಗೊಂದಲವೇ ಇಲ್ಲ.

ಆಫರ್ ಒಪ್ಪಿದ ಅಭ್ಯರ್ಥಿಯ ವಿವರ ಎಟಿಎಸ್‌ನಿಂದ ಎಚ್‌ಆರ್‌ಎಂಎಸ್‌ಗೆ ದಾಟುವುದು ಸಾಮಾನ್ಯವಾಗಿ ಎಪಿಐ ಮೂಲಕ. ನಾಡಕಚೇರಿಯ ಕೌಂಟರ್ ನೆನೆಸಿಕೊಳ್ಳಿ. ಒಳಗೆ ಕಡತ ಎಲ್ಲಿದೆ, ಯಾರು ನೋಡುತ್ತಾರೆ ಎಂಬುದು ನಿಮಗೆ ಬೇಕಿಲ್ಲ. ಗೊತ್ತಾದ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಗೊತ್ತಾದ ನಮೂನೆಯಲ್ಲಿ ಉತ್ತರ ಬರುತ್ತದೆ. ಎಪಿಐ ಅಂಥದೇ ಕಿಟಕಿ, ಅಲ್ಲಿ ಅರ್ಜಿ ಕೊಡುವುದು ಇನ್ನೊಂದು ತಂತ್ರಾಂಶ. ಅರ್ಜಿಯ ನಮೂನೆ ಬಹುತೇಕ ಜೇಸನ್. ಉತ್ತರದ ಜೊತೆ ಮೂರಂಕಿಯ ಸ್ಟೇಟಸ್ ಕೋಡ್ ಬರುತ್ತದೆ. 200ರ ಸಾಲಿನದು ಬಂದರೆ ಕೆಲಸ ಆಯಿತು. 400 ಬಂದರೆ ನಾವು ಕಳಿಸಿದ್ದರಲ್ಲೇ ತಪ್ಪಿದೆ, 401 ಬಂದರೆ ಗುರುತಿನ ಕೀಲಿ ಸರಿಯಿಲ್ಲ. 429 ಅಂದರೆ ವಿಪರೀತ ಸಲ ಕೇಳುತ್ತಿದ್ದೀರಿ, ನಿಧಾನಿಸಿ. 500 ಅಂದರೆ ತೊಂದರೆ ಅವರ ಕಡೆ. ಇಷ್ಟು ಗೊತ್ತಿದ್ದರೆ ಎರರ್ ಮೇಲ್ ಬಂದ ತಕ್ಷಣ ಐಟಿಯವರಿಗೆ ಫೋನು ಮಾಡಿ ಕಾಯುವ ಬದಲು, 400 ಇದ್ದರೆ ಆ ಉದ್ಯೋಗಿಯ ಯಾವ ಖಾನೆ ಖಾಲಿ ಇದೆಯೆಂದು ನೀವೇ ನೋಡಬಹುದು.

ಆಫರ್ ಒಪ್ಪಿಗೆಯಾದದ್ದು ಎಚ್‌ಆರ್‌ಎಂಎಸ್‌ಗೆ ತಿಳಿಯುವುದು ಹೇಗೆ? ಒಂದು, ಅದೇ ಹತ್ತು ನಿಮಿಷಕ್ಕೊಮ್ಮೆ ಹೋಗಿ ಹೊಸಬರು ಯಾರಾದರೂ ಇದ್ದಾರಾ ಎಂದು ಕೇಳುವುದು. ಗ್ಯಾಸ್ ಏಜೆನ್ಸಿಗೆ ದಿನಾ ಫೋನು ಮಾಡಿ ಸಿಲಿಂಡರ್ ಬಂತಾ ಎಂದು ವಿಚಾರಿಸಿದ ಹಾಗೆ. ಇದು ಪೋಲಿಂಗ್. ಇನ್ನೊಂದು, ನೀವು ನಂಬರು ಕೊಟ್ಟಿರಿ, ಬಂದ ಕೂಡಲೇ ನಾವೇ ತಿಳಿಸುತ್ತೇವೆ ಅನ್ನುವುದು. ಇದು ವೆಬ್‌ಹುಕ್. ವೇಗ ಬೇಕಾದಲ್ಲಿ ವೆಬ್‌ಹುಕ್ ಚೆನ್ನ, ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ಕಳಿಸಿದ ಸುದ್ದಿಗೆ ತಲುಪಿತು ಎಂಬ ಉತ್ತರ ಬರದಿದ್ದರೆ ಸಾಮಾನ್ಯವಾಗಿ ಅದು ಮತ್ತೆ ಕಳಿಸುತ್ತದೆ. ನಮ್ಮಲ್ಲಿ ಒಮ್ಮೆ ಸುದ್ದಿ ತಲುಪಿತ್ತು, ಉತ್ತರ ಮಾತ್ರ ತಡವಾಯಿತು. ಸುದ್ದಿ ಮತ್ತೆ ಬಂತು, ಸೇರಿದ ದಿನ ಹೊಸ ಹುಡುಗಿಯೊಬ್ಬಳ ಕೈಗೆ ಎರಡು ಎಂಪ್ಲಾಯಿ ನಂಬರು, ಎರಡು ಐಡಿ ಕಾರ್ಡು ಬಂದವು. ಒಂದರಲ್ಲಿ ಹಾಜರಾತಿ, ಇನ್ನೊಂದರಲ್ಲಿ ಸಂಬಳ. ಬಿಡಿಸಲು ತಿಂಗಳೇ ಹಿಡಿಯಿತು. ಒಂದೇ ಸುದ್ದಿ ಎಷ್ಟು ಸಲ ಬಂದರೂ ಕೆಲಸ ಒಂದೇ ಸಲ ಆಗಬೇಕೆಂಬ ಗುಣಕ್ಕೆ ಐಡೆಂಪೊಟೆನ್ಸಿ ಎಂದು ಹೆಸರು. ಪದ ನಾಲಿಗೆಗೆ ತೊಡಕು, ಪ್ರಶ್ನೆ ಸರಳ: "ಇದೇ ಅಭ್ಯರ್ಥಿ ಎರಡು ಸಲ ಬಂದರೆ ಏನು ಮಾಡುತ್ತೀರಿ?" ಅಭ್ಯರ್ಥಿಯ ಎಟಿಎಸ್ ಐಡಿ ನೋಡುತ್ತೇವೆ, ಇದ್ದರೆ ಹೊಸದು ಮಾಡುವುದಿಲ್ಲ ಎಂಬ ಉತ್ತರ ಬರಬೇಕು. ಹೆಸರು ನೋಡುತ್ತೇವೆ ಎಂದರೆ ಒಪ್ಪಬೇಡಿ.

ಎಲ್ಲಕ್ಕೂ ಎಪಿಐ ಇರುವುದಿಲ್ಲ. ಹಾಜರಾತಿ ಯಂತ್ರದ ದಾಖಲೆ ಎಷ್ಟೋ ಕಡೆ ರಾತ್ರಿ ಒಟ್ಟಿಗೆ ಫೈಲಾಗಿ ಹೋಗುತ್ತದೆ. ಇದು ಬ್ಯಾಚ್. ಫೈಲನ್ನು ಬೀಗ ಹಾಕಿದ ದಾರಿಯಲ್ಲಿ ಸಾಗಿಸುವುದು ಎಸ್‌ಎಫ್‌ಟಿಪಿ. ಪಿಎಫ್‌ಗೆ ತಿಂಗಳು ತಿಂಗಳು ಸಲ್ಲಿಸುವ ಇಸಿಆರ್ ಕೂಡ ಸಾದಾ ಪಠ್ಯದ ಫೈಲು, ಪ್ರತಿ ಸಾಲಿನಲ್ಲಿ ಯುಎಎನ್, ಹೆಸರು, ಸಂಬಳ, ವಂತಿಗೆಗಳ ನಡುವೆ #~# ಗುರುತು. ಮುಂದಿನ ತಿಂಗಳ 15ರೊಳಗೆ ಪಿಎಫ್ ಕಟ್ಟಬೇಕಾದ್ದರಿಂದ, ಫೈಲು ತಿರಸ್ಕೃತವಾದರೆ ತಿದ್ದಲು ಸಮಯ ಇರುವಂತೆ 10ಕ್ಕೇ ಹಾಕಿ ನೋಡುವುದು ನನ್ನ ಅಭ್ಯಾಸ. ಎಪಿಐಯೂ ಇಲ್ಲ, ಫೈಲೂ ಇಲ್ಲ ಎಂಬಲ್ಲಿ ಆರ್‌ಪಿಎ ಬರುತ್ತದೆ. ಮನುಷ್ಯರಂತೆಯೇ ಪರದೆಯ ಗುಂಡಿಗಳನ್ನು ಒತ್ತಿ ಟೈಪ್ ಮಾಡುವ ತಂತ್ರಾಂಶ ಅದು. ಪೋರ್ಟಲಿನವರು ಗುಂಡಿಯ ಜಾಗ ಬದಲಿಸಿದರೆ ನಿಂತುಹೋಗುತ್ತದೆ, ಹಾಗಾಗಿ ಬೇರೆ ದಾರಿಯಿಲ್ಲದಾಗ ಮಾತ್ರ. ಹತ್ತಾರು ವ್ಯವಸ್ಥೆಗಳ ನಡುವೆ ಕೂತು ಸುದ್ದಿ ಹಂಚುವುದಕ್ಕೆ ಮಿಡ್ಲ್‌ವೇರ್ ಅನ್ನುತ್ತಾರೆ. ಝೇಪಿಯರ್, ವರ್ಕಾಟೊ ಈ ಬಗೆಯ ಕೆಲಸ ಮಾಡುವಂಥವು.

ಇಷ್ಟೆಲ್ಲದರಲ್ಲಿ ಒಂದೇ ಪದ ಕಲಿಯಲು ಹೇಳಿ ಎಂದರೆ ನಾನು ಸೋರ್ಸ್ ಆಫ್ ಟ್ರೂತ್ ಎನ್ನುತ್ತೇನೆ. ಒಂದೊಂದು ಖಾನೆಗೂ ಯಜಮಾನ ಯಾರು ಎಂಬುದರ ಹೆಸರದು. ಉದ್ಯೋಗಿ ಎಚ್‌ಆರ್‌ಎಂಎಸ್‌ನಲ್ಲಿ ಹೊಸ ಖಾತೆ ಸಂಖ್ಯೆ ಹಾಕಿದ, ಪೇರೋಲ್‌ನವರು ತಮ್ಮಲ್ಲಿ ಹಳೆಯದರ ಅಂಕಿ ತಿದ್ದಿದರು. ಎರಡೂ ಕಡೆಯಿಂದ ಸಿಂಕ್ ಆಗುವಂತೆ ಇಟ್ಟಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಕೊನೆಯಲ್ಲಿ ಬರೆದದ್ದೇ ಗೆಲ್ಲುತ್ತದೆ, ಅದು ಸರಿಯಾದದ್ದೇ ಆಗಿರಬೇಕೆಂದಿಲ್ಲ. ಬ್ಯಾಂಕ್ ವಿವರಕ್ಕೆ ಎಚ್‌ಆರ್‌ಎಂಎಸ್ ಯಜಮಾನ, ಪೇರೋಲ್ ಬರೀ ಓದಬಹುದು ಎಂದು ಮೊದಲೇ ಬರೆದಿಟ್ಟಿದ್ದರೆ ಜಗಳವಿಲ್ಲ. ಈ ಪಟ್ಟಿಯನ್ನು ಯಾವ ಇಂಜಿನಿಯರೂ ಮಾಡಿಕೊಡಲಾರರು. ಯಾವ ಮಾಹಿತಿ ಯಾರ ಕೈಯಲ್ಲಿ ಹುಟ್ಟುತ್ತದೆ ಎಂದು ಗೊತ್ತಿರುವುದು ನಮಗೆ.

ಕೆಲಸ ಬಿಟ್ಟು ಹೋಗುವ ದಿನಕ್ಕೂ ಪದಗಳಿವೆ. ಒಂದೇ ಲಾಗಿನ್‌ನಿಂದ ಎಲ್ಲ ತಂತ್ರಾಂಶಗಳಿಗೂ ಪ್ರವೇಶ ಕೊಡುವುದು ಎಸ್‌ಎಸ್‌ಒ. ಎಚ್‌ಆರ್‌ಎಂಎಸ್‌ನಲ್ಲಿ ಕೊನೆಯ ದಿನ ದಾಖಲಾದಾಗ ಉಳಿದ ಕಡೆಯ ಖಾತೆಗಳೂ ತಾವಾಗಿ ಮುಚ್ಚುವಂತೆ ಮಾಡಲು ಬಳಸುವ ಕ್ರಮ ಸ್ಕಿಮ್. ಎಸ್‌ಎಸ್‌ಒ ಇದ್ದರೆ ಸಾಕು ಎಂದುಕೊಳ್ಳುವವರು ಬಹಳ. ಬಾಗಿಲಿಗೆ ಬೀಗ ಬಿತ್ತು ಸರಿ, ಒಳಗಿನ ಖಾತೆ ಹಾಗೇ ಉಳಿದಿರಬಹುದು. ಎಪಿಐ ಕೀ ಎಂಬುದನ್ನೂ ಮರೆಯಬೇಡಿ. ಅದು ತಂತ್ರಾಂಶದ ಪಾಸ್‌ವರ್ಡ್, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಬೀರುವಿನ ಕೀಲಿಯನ್ನು ಬೀದಿಯಲ್ಲಿಟ್ಟಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ಭದ್ರತೆ ಕೈಗೊಳ್ಳದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ದಂಡಕ್ಕಿಂತ ಮೊದಲು, ಅದು ನಮ್ಮನ್ನು ನಂಬಿ ಕೊಟ್ಟ ಆಧಾರ್, ಪ್ಯಾನ್, ಮನೆ ವಿಳಾಸ.

ಹೊಸ ಜೋಡಣೆಯನ್ನು ನಿಜವಾದ ಉದ್ಯೋಗಿಗಳ ಮೇಲೆ ಪ್ರಯೋಗಿಸಬಾರದು. ಅದಕ್ಕೆ ಸ್ಯಾಂಡ್‌ಬಾಕ್ಸ್ ಎಂಬ ಪ್ರತ್ಯೇಕ ಅಂಗಳವಿರುತ್ತದೆ. ಅಲ್ಲಿಗೆ ಕಳಿಸಲೆಂದೇ ನಾನೊಬ್ಬ ಉದ್ಯೋಗಿಯನ್ನು ಕಟ್ಟಿಟ್ಟುಕೊಂಡಿದ್ದೇನೆ. ಅವನ ಹೆಸರಿಗೆ ಎರಡು ಇನಿಷಿಯಲ್, ಲಾಸ್ಟ್ ನೇಮ್ ಇಲ್ಲ. ಹುಟ್ಟಿದ್ದು ಫೆಬ್ರುವರಿ 29. ವಿಳಾಸ ಕನ್ನಡ ಅಕ್ಷರದಲ್ಲಿದೆ, ಆ ಕಡೆ ತಲುಪುವಾಗ ಪ್ರಶ್ನಾರ್ಥಕ ಚಿಹ್ನೆಗಳಾದರೆ ಅವರ ವ್ಯವಸ್ಥೆ ಯುನಿಕೋಡನ್ನು ಸರಿಯಾಗಿ ಸಾಗಿಸುತ್ತಿಲ್ಲ ಎಂದು ಗೊತ್ತಾಗಲಿ ಎಂದು. ಅವನನ್ನು ಬೇಕೆಂದೇ ಎರಡು ಸಲ ಕಳಿಸುತ್ತೇನೆ. ಅವನ ಖಾತೆ ಸಂಖ್ಯೆಗೆ 16 ಅಂಕಿ, ಮೊದಲನೆಯದು 0, ಕೊನೆಯದು 7.